ಹಗ್ಗ ಮುಗಿಯಿತು, ಸಂಖ್ಯೆ ಮುಗಿಯಲಿಲ್ಲ

ಮಕ್ಕಳೇ, ನಿಮ್ಮ ಬೀದಿಯಲ್ಲಿ ಯಾರಾದರೂ ಹೊಸ ಮನೆ ಕಟ್ಟಿಸಲು ಹೊರಟಿದ್ದಾರೆಯೇ? ಹಾಗಿದ್ದರೆ ಪಾಯ ತೋಡುವ ಮುಂಚೆ, ಸುಣ್ಣದ ಪುಡಿಯಲ್ಲಿ ಗುರುತು ಹಾಕುವ ದಿನ, ಅಲ್ಲಿ ಹೋಗಿ ಸ್ವಲ್ಪ ಹೊತ್ತು ನಿಂತು ನೋಡಿ. ಮೈಸೂರಿನಲ್ಲಿರುವವರಿಗೆ ಈ ನೋಟಕ್ಕೆ ಬರವಿಲ್ಲ. ಊರಿನ ಸುತ್ತ ಎತ್ತ ಹೋದರೂ ಒಂದು ಹೊಸ ಬಡಾವಣೆ, ಅಲ್ಲಿ ನಾಲ್ಕು ಗೂಟ, ಒಂದು ದಾರ, ಒಬ್ಬ ಮೇಸ್ತ್ರಿ. "ಸೈಟು ಎಷ್ಟು?" ಎಂದು ಕೇಳಿದರೆ ಯಾರೂ ಚದರ ಅಡಿಯ ಲೆಕ್ಕ ಹೇಳುವುದಿಲ್ಲ. "ಮೂವತ್ತು ನಲವತ್ತು" ಅನ್ನುತ್ತಾರೆ, ಸ್ವಲ್ಪ ಅನುಕೂಲಸ್ಥರಾದರೆ "ನಲವತ್ತು ಅರವತ್ತು" ಅನ್ನುತ್ತಾರೆ.

ಮೇಸ್ತ್ರಿ ಏನು ಮಾಡುತ್ತಾರೆ ಗಮನಿಸಿ. ನಾಲ್ಕು ಬದಿಗಳನ್ನೂ ಅಳೆದು ಗೂಟ ಹೊಡೆದ ಮೇಲೂ ಅವರಿಗೆ ಸಮಾಧಾನವಿಲ್ಲ. ಟೇಪನ್ನು ಒಂದು ಮೂಲೆಯಿಂದ ಎದುರಿನ ಮೂಲೆಗೆ ಎಳೆಯುತ್ತಾರೆ. ಮೂವತ್ತು ನಲವತ್ತರ ಸೈಟಿನಲ್ಲಿ ಅದು ಸರಿಯಾಗಿ 50 ಅಡಿ ಬರಬೇಕು. ಬಂದರೆ ಮೂಲೆಗಳು ನೆಟ್ಟಗಿವೆ. ಬರದಿದ್ದರೆ ಎಲ್ಲೋ ಸೊಟ್ಟಗಾಗಿದೆ. ಯಾಕೆ 50? 30ನ್ನು 30ರಿಂದ ಗುಣಿಸಿದರೆ 900. 40ನ್ನು 40ರಿಂದ ಗುಣಿಸಿದರೆ 1600. ಎರಡೂ ಕೂಡಿದರೆ 2500, ಅಂದರೆ 50 ಸಲ 50. ಇದನ್ನು ನಾವು ಪೈಥಾಗೊರಸನ ಪ್ರಮೇಯ ಎಂದು ಕರೆಯುತ್ತೇವೆ. ಯಜ್ಞವೇದಿಕೆಗಳನ್ನು ಕಟ್ಟಲು ಬರೆದ ನಮ್ಮ ಶುಲ್ಬಸೂತ್ರಗಳಲ್ಲೂ ಈ ನಿಯಮ ಇದೆ. ಶುಲ್ಬ ಎಂದರೆ ಹಗ್ಗ! ಮೇಸ್ತ್ರಿ ಹಿಡಿದಿರುವುದು ಎಷ್ಟು ಹಳೆಯ ವಿದ್ಯೆ ನೋಡಿ.

ಈಗ ಪಕ್ಕದ ನಲವತ್ತು ಅರವತ್ತರ ಸೈಟಿಗೆ ಬನ್ನಿ. 1600 ಮತ್ತು 3600 ಕೂಡಿದರೆ 5200. ಯಾವ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ 5200 ಬರುತ್ತದೆ? ಮೇಸ್ತ್ರಿ ಟೇಪು ನೋಡಿ "ಎಪ್ಪತ್ತೆರಡು ಅಡಿ, ಒಂದು ಇಂಚಿನ ಮೇಲೆ ಒಂದು ಚೂರು" ಅನ್ನುತ್ತಾರೆ. ಅವರ ಕೆಲಸ ಅಲ್ಲಿಗೆ ಮುಗಿಯಿತು. ಗೋಡೆ ನಿಲ್ಲಲು ಅಷ್ಟು ಸಾಕು, ಅವರು ಮಾಡಿದ್ದು ಸರಿ. ಆದರೆ ನಮ್ಮ ಕೆಲಸ ಶುರುವಾಗುವುದೇ ಅಲ್ಲಿಂದ. ಆ "ಒಂದು ಚೂರು" ಎಂದರೆ ಎಷ್ಟು?

ಪೆನ್ಸಿಲು ತೆಗೆದುಕೊಳ್ಳಿ. 72ನ್ನು 72ರಿಂದ ಗುಣಿಸಿದರೆ 5184, ಕಡಿಮೆಯಾಯಿತು. 73ರದು 5329, ಹೆಚ್ಚಾಯಿತು. 72.1 ಕಡಿಮೆ, 72.2 ಹೆಚ್ಚು. 72.11ನ್ನು ಅದರಿಂದಲೇ ಗುಣಿಸಿದರೆ 5199.8521; ಹತ್ತಿರ ಬಂದೆವು. 72.12 ಮತ್ತೆ ಹೆಚ್ಚು. 72.111ಕ್ಕೆ 5199.996321. ಇನ್ನೇನು ಸಿಕ್ಕಿಯೇಬಿಟ್ಟಿತು ಅನ್ನಿಸುತ್ತದೆ, ಆದರೆ 72.112 ಹಾಕಿದರೆ 5200 ದಾಟಿಬಿಡುತ್ತದೆ. ಕ್ಯಾಲ್ಕುಲೇಟರ್ ಇದ್ದರೆ ಅದನ್ನೂ ಕೇಳಿ. ಎಂಟು ಅಂಕಿಯ ಸಣ್ಣ ಕ್ಯಾಲ್ಕುಲೇಟರ್ 72.111025 ಎಂದು ತೋರಿಸುತ್ತದೆ. ಆ ಸಂಖ್ಯೆಯನ್ನು ಹೊಸದಾಗಿ ಒತ್ತಿ, ಅದರಿಂದಲೇ ಗುಣಿಸಿ. ಬರುವುದು 5199.9999. ಯಂತ್ರವೂ ಜಾಗ ಸಾಲದೆ ನಿಂತಿತೇ ಹೊರತು ಉತ್ತರ ಸಿಕ್ಕಿ ನಿಂತದ್ದಲ್ಲ.

ದಶಮಾಂಶ ಬೇಡ, ಭಿನ್ನರಾಶಿಯಲ್ಲಿ ಹುಡುಕೋಣ ಅನ್ನುತ್ತೀರಾ? ಒಳ್ಳೆಯ ಯೋಚನೆ. 72 ಮತ್ತು ಒಂಬತ್ತನೆಯ ಒಂದು ಭಾಗ, ಅಂದರೆ 649/9 ಹಾಕಿ ನೋಡಿ. 649ನ್ನು 649ರಿಂದ ಗುಣಿಸಿದರೆ 4,21,201. ಅದು 9 ಸಲ 9 ಸಲ 5200 ಆಗಬೇಕಿತ್ತು, ಅಂದರೆ 4,21,200. ಒಂದೇ ಒಂದು ಹೆಚ್ಚು! ನಾಲ್ಕು ಲಕ್ಷದಲ್ಲಿ ಒಂದು! ಇದನ್ನು ನಾನು ಮೊದಲ ಸಲ ಮಾಡಿ ನೋಡಿದಾಗ ಗುಣಾಕಾರವೇ ತಪ್ಪಿರಬೇಕೆಂದು ಮೂರು ಸಲ ಮಾಡಿದೆ. ತಪ್ಪಿರಲಿಲ್ಲ. ನೀವೂ ಮಾಡಿ ನೋಡಿ.

ಇಲ್ಲಿ ನನ್ನದೇ ಒಂದು ಹಳೆಯ ಕಥೆ ಹೇಳಬೇಕು. ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ಮೇಷ್ಟ್ರು ಬೋರ್ಡಿನ ಮೇಲೆ ಒಂದು ಚೌಕ ಬರೆದು, ಕರ್ಣ ಎಳೆದು, "ಇದರ ಉದ್ದ ಎಂದಿಗೂ ಮುಗಿಯದ ಸಂಖ್ಯೆ" ಎಂದರು. ನಾನು ಎದ್ದು ನಿಂತು ಕೇಳಿದೆ: "ಸಾರ್, ಸಂಖ್ಯೆ ಮುಗಿಯುವುದಿಲ್ಲ ಅಂದಮೇಲೆ ಗೆರೆ ಹೇಗೆ ಮುಗಿಯಿತು? ಮೂಲೆಗೆ ಹೋಗಿ ಮುಟ್ಟಿದೆಯಲ್ಲ?" ತರಗತಿ ನಕ್ಕಿತು. "ಅದು ಪರೀಕ್ಷೆಗೆ ಬರುವುದಿಲ್ಲ, ಕೂತ್ಕೊ" ಎಂಬ ಉತ್ತರ ಬಂತು. ಕೂತೆ. ಗಣಿತ ನನ್ನ ತಲೆಗೆ ಹತ್ತುವುದಲ್ಲ ಎಂದು ಆ ವರ್ಷವೆಲ್ಲ ನಂಬಿದ್ದೆ. ಮುಂದೆ ನಾನೇ ಗಣಿತದ ಮೇಷ್ಟ್ರಾದೆ ಎನ್ನುವುದು ಬೇರೆ ಮಾತು. ಆದರೆ ಅಂದು ಕೂತವರೆಲ್ಲ ಮತ್ತೆ ಏಳಲಿಲ್ಲ.

ಆ ಪ್ರಶ್ನೆಗೆ ಉತ್ತರ ಇದೆ. ಒಂದು ಅಡಿಯನ್ನು ಮೂರು ಸಮಭಾಗ ಮಾಡಿ. ಒಂದು ಭಾಗ ಎಷ್ಟು? ಅಡಿಯ ದಶಮಾಂಶದಲ್ಲಿ ಬರೆದರೆ 0.333... ಎಂದು ಮುಗಿಯುವುದೇ ಇಲ್ಲ. ಇಂಚಿನಲ್ಲಿ ಬರೆದರೆ? ನೆಟ್ಟಗೆ 4 ಇಂಚು! ಕಡ್ಡಿ ಅದೇ, ಉದ್ದ ಅದೇ. ಮುಗಿಯದಿದ್ದದ್ದು ಕಡ್ಡಿಯಲ್ಲ, ನಾವು ಬರೆಯುವ ರೀತಿ. ಹಾಗೆಯೇ ಸೈಟಿನ ಕರ್ಣವೂ ಎದುರಿನ ಗೂಟಕ್ಕೆ ಮುಟ್ಟಿ ಮುಗಿದೇ ಇರುತ್ತದೆ. ಮುಗಿಯದಿರುವುದು ಅದರ ಬರವಣಿಗೆ.

ಆದರೆ ಇವೆರಡರ ನಡುವೆ ಒಂದು ದೊಡ್ಡ ವ್ಯತ್ಯಾಸವಿದೆ. ಮೂರನೆಯ ಒಂದು ಭಾಗಕ್ಕೆ ಇಂಚು ಎಂಬ ಬೇರೆ ಅಳತೆ ಸಿಕ್ಕಿತು. ನಲವತ್ತು ಅರವತ್ತರ ಸೈಟಿನ ಕರ್ಣಕ್ಕೆ ಅಂಥ ಅಳತೆಯೇ ಇಲ್ಲ. ಅಡಿಯನ್ನು ಹನ್ನೆರಡು ಭಾಗ ಮಾಡಿ, ಸಾವಿರ ಭಾಗ ಮಾಡಿ, ಕೋಟಿ ಭಾಗ ಮಾಡಿ, ಆ ಕರ್ಣ ಯಾವ ಗೀಟಿನ ಮೇಲೂ ಸರಿಯಾಗಿ ಕೂರುವುದಿಲ್ಲ. ಮೊದಲನೆಯ ಬಗೆಯವು ಭಾಗಲಬ್ಧ ಸಂಖ್ಯೆಗಳು, ಎರಡನೆಯವು ಅಭಾಗಲಬ್ಧ ಸಂಖ್ಯೆಗಳು. ಎರಡನ್ನೂ ಒಟ್ಟಿಗೆ ಸೇರಿಸಿದರೆ ಒಂದು ಗೆರೆಯ ಮೇಲಿನ ಎಲ್ಲ ಬಿಂದುಗಳಿಗೂ ಹೆಸರು ಸಿಕ್ಕಂತಾಯಿತು. ಆ ಇಡೀ ಕುಟುಂಬಕ್ಕೆ ವಾಸ್ತವ ಸಂಖ್ಯೆಗಳು ಎನ್ನುತ್ತಾರೆ. ಕೆಲವು ಪುಸ್ತಕಗಳಲ್ಲಿ ನೈಜ ಸಂಖ್ಯೆಗಳು ಎಂದೂ ಇರುತ್ತದೆ.

ನೀವು ಹೈಸ್ಕೂಲಿಗೆ ಹೋದಾಗ ಈ ಪಾಠ ಬರುತ್ತದೆ. ನನ್ನ ತಕರಾರು ಇರುವುದು ಅದು ಬರುವ ಕ್ರಮದ ಬಗ್ಗೆ. ಸಾಮಾನ್ಯವಾಗಿ ಬೋರ್ಡಿನ ಮೇಲೆ ಮೊದಲು ಒಂದರೊಳಗೊಂದು ಡಬ್ಬಿಗಳ ಚಿತ್ರ ಬರುತ್ತದೆ. ಒಳಗಿನ ಡಬ್ಬಿ ಸ್ವಾಭಾವಿಕ ಸಂಖ್ಯೆ, ಅದರಾಚೆ ಪೂರ್ಣಾಂಕ, ಅದರಾಚೆ ಭಾಗಲಬ್ಧ, ಪಕ್ಕದಲ್ಲಿ ಅಭಾಗಲಬ್ಧ, ಹೊರಗಿನ ದೊಡ್ಡ ಡಬ್ಬಿ ವಾಸ್ತವ. ಹೆಸರುಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಆಮೇಲೆ "√5 ಅಭಾಗಲಬ್ಧ ಸಂಖ್ಯೆ ಎಂದು ಸಾಧಿಸಿ" ಎಂಬ ಪ್ರಶ್ನೆ. ಅದರ ಉತ್ತರವೂ ಹತ್ತು ಸಾಲಿನ ಬಾಯಿಪಾಠ. ಪರೀಕ್ಷೆಯಲ್ಲಿ ಅಂಕ ಬರುತ್ತದೆ, ಸುಳ್ಳಲ್ಲ. ಆದರೆ √5ರ ಬದಲು √4 ಎಂದು ಕೊಟ್ಟರೂ ಅದೇ ಹತ್ತು ಸಾಲು ಬರೆದು, 2 ಕೂಡ ಅಭಾಗಲಬ್ಧ ಎಂದು "ಸಾಧಿಸಿದ" ಉತ್ತರಪತ್ರಿಕೆಗಳನ್ನು ನಾನು ತಿದ್ದಿದ್ದೇನೆ. ಮಕ್ಕಳನ್ನು ಬೈಯಲು ಮನಸ್ಸಾಗಲಿಲ್ಲ. ಯಾವ ತೊಂದರೆಗೆ ಈ ಸಂಖ್ಯೆಗಳು ಬೇಕಾದವು ಎಂದು ಅವರಿಗೆ ಯಾರೂ ತೋರಿಸಿರಲಿಲ್ಲ. ಹಸಿವಾಗುವ ಮುಂಚೆಯೇ ಊಟ ಬಡಿಸಿದಂತೆ ಆಗಿತ್ತು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಮೊದಲು ಸೈಟಿಗೆ ಹೋಗಬೇಕು, ಡಬ್ಬಿ ಆಮೇಲೆ ಬರಬೇಕು. ಹೆಸರಿಗೆ ಮುಂಚೆ ಪ್ರಶ್ನೆ ಹುಟ್ಟಬೇಕು. ಅದಕ್ಕೆ ಒಂಬತ್ತನೆಯ ತರಗತಿಯವರೆಗೆ ಕಾಯುವ ಅಗತ್ಯವೂ ಇಲ್ಲ; ಗುಣಾಕಾರ ಮತ್ತು ದಶಮಾಂಶ ಗೊತ್ತಿದ್ದರೆ ಆರನೆಯ, ಏಳನೆಯ ತರಗತಿಯಲ್ಲೇ ಶುರುಮಾಡಬಹುದು. ಆಟ, ಚಟುವಟಿಕೆಗಳಿಂದ ಕಲಿಸುವ ನಲಿ-ಕಲಿ 1995ರಲ್ಲಿ ಹುಟ್ಟಿದ್ದು ನಮ್ಮ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲೇ. ಚಿಕ್ಕ ತರಗತಿಗಳಲ್ಲಿ ಕಾರ್ಡು, ಕಡ್ಡಿ ಹಿಡಿದು ಕಲಿತ ಮಕ್ಕಳೇ ದೊಡ್ಡವರಾದಂತೆ ಕೈ ಕಟ್ಟಿ ಕೂರಬೇಕಾಗುವುದು ಯಾಕೆ?

ಸೈಟು ದೂರವಾದರೆ ತರಗತಿಯಲ್ಲೇ ಇನ್ನೊಂದು ಮಾಡಬಹುದು. ಆಫೀಸಿನ ಸುತ್ತೋಲೆ ಬರುವ ಬಿಳಿ ಕಾಗದ ಇದೆಯಲ್ಲ, ಎ4 ಅಳತೆಯದು, ಅಂಥ ಎರಡು ಹಾಳೆ ಕೇಳಿ ತನ್ನಿ. ಒಂದರ ಗಿಡ್ಡ ಅಂಚನ್ನು ಉದ್ದ ಅಂಚಿನ ಮೇಲೆ ಕೂರುವಂತೆ ಓರೆಯಾಗಿ ಮಡಿಸಿ. ಮಡಿಕೆಯ ಗೆರೆ ಒಂದು ಚೌಕದ ಕರ್ಣವಾಗುತ್ತದೆ. ಅದರ ಮೇಲೆ ಇನ್ನೊಂದು ಹಾಳೆಯ ಉದ್ದ ಅಂಚನ್ನು ಇಟ್ಟು ನೋಡಿ. ಎರಡೂ ಒಂದೇ! ಅಂದರೆ ಆ ಹಾಳೆಯಲ್ಲಿ ಎರಡರ ವರ್ಗಮೂಲ ಅಡಗಿ ಕೂತಿದೆ. ಹಾಳೆಯ ಅಳತೆ 297 ಮಿಲಿಮೀಟರ್ ಮತ್ತು 210 ಮಿಲಿಮೀಟರ್. 297ನ್ನು 297ರಿಂದ ಗುಣಿಸಿದರೆ 88,209. 210ನ್ನು 210ರಿಂದ ಗುಣಿಸಿ ಇಮ್ಮಡಿ ಮಾಡಿದರೆ 88,200. ಇಲ್ಲೂ ಸ್ವಲ್ಪದರಲ್ಲಿ ತಪ್ಪಿತು. ಶುಲ್ಬಸೂತ್ರಗಳು ಇದೇ ಸಂಖ್ಯೆಗೆ ಕೊಟ್ಟ ಬೆಲೆ 577/408 ಆಗುತ್ತದೆ. 577 ಸಲ 577 ಎಂದರೆ 3,32,929. 408 ಸಲ 408ರ ಇಮ್ಮಡಿ 3,32,928. ಮತ್ತೆ ಒಂದೇ ಒಂದು!

"ಚಟುವಟಿಕೆ ಎಲ್ಲ ಸರಿ, ಪಾಠ ಮುಗಿಸುವುದು ಯಾವಾಗ?" ಎಂದು ನನ್ನ ಜೊತೆಯ ಶಿಕ್ಷಕರು ಕೇಳುತ್ತಿದ್ದರು. ಅದು ನ್ಯಾಯವಾದ ಪ್ರಶ್ನೆ. ಅದಕ್ಕಿಂತ ಗಟ್ಟಿಯಾದ ಇನ್ನೊಂದು ಆಕ್ಷೇಪ ಇದೆ, ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಟೇಪು ಹಿಡಿದು ಎಷ್ಟು ಅಳೆದರೂ ಒಂದು ಸಂಖ್ಯೆ ಅಭಾಗಲಬ್ಧ ಎಂದು ಗೊತ್ತಾಗುವುದಿಲ್ಲ! ಟೇಪಿನಲ್ಲಿ ಓದುವ ಪ್ರತಿ ಅಳತೆಯೂ ಇಷ್ಟು ಅಡಿ, ಇಷ್ಟು ಇಂಚು, ಇಂಚಿನ ಇಷ್ಟನೆಯ ಭಾಗ, ಅಂದರೆ ಭಾಗಲಬ್ಧ. ಗುಣಿಸುತ್ತಾ ಹೋದರೂ ಅಷ್ಟೇ. ನೂರು ಭಿನ್ನರಾಶಿ ಹಾಕಿ ನೋಡಿ ಸಿಗಲಿಲ್ಲ ಎಂದರೆ ನೂರೊಂದನೆಯದು ಸಿಗಬಹುದಲ್ಲ? ಬರೀ ಚಟುವಟಿಕೆ ಮಾಡಿಸಿ ಚಪ್ಪಾಳೆ ತಟ್ಟಿ ಕಳಿಸುವುದೂ ಬಾಯಿಪಾಠದಷ್ಟೇ ಅರೆಕೆಲಸ. ಹಗ್ಗ ಪ್ರಶ್ನೆ ಕೊಡುತ್ತದೆ. ಉತ್ತರವನ್ನು ಯೋಚಿಸಿಯೇ ಪಡೆಯಬೇಕು.

ಯೋಚನೆ ಕಷ್ಟದ್ದಲ್ಲ, ನಿಮಗೆ ಗೊತ್ತಿರುವ ಅವಿಭಾಜ್ಯ ಅಪವರ್ತನ ಸಾಕು. 5200ನ್ನು ಒಡೆಯಿರಿ: ನಾಲ್ಕು 2, ಎರಡು 5, ಒಂದು 13. ಆ ಒಂಟಿ 13ರ ಮೇಲೆ ಕಣ್ಣಿಡಿ. ನಮ್ಮ ಕರ್ಣವನ್ನು ಯಾವುದೋ ಒಂದು ಭಿನ್ನರಾಶಿಯಾಗಿ ಬರೆಯಬಹುದು ಎಂದು ಒಂದು ಗಳಿಗೆ ಒಪ್ಪಿಕೊಳ್ಳೋಣ. ಹಾಗಾದರೆ ಅಂಶವನ್ನು ಅಂಶದಿಂದಲೇ ಗುಣಿಸಿದಾಗ ಬರುವುದೂ, ಛೇದವನ್ನು ಛೇದದಿಂದಲೇ ಗುಣಿಸಿ 5200ರಿಂದ ಮತ್ತೆ ಗುಣಿಸಿದಾಗ ಬರುವುದೂ ಒಂದೇ ಸಂಖ್ಯೆ ಆಗಿರಬೇಕು. ಆ ಸಂಖ್ಯೆಯನ್ನು ಒಡೆದಾಗ 13 ಎಷ್ಟು ಸಲ ಬರುತ್ತದೆ? ಅಂಶದ ಕಡೆಯಿಂದ ಎಣಿಸಿ. ಅಂಶದಲ್ಲಿ 13 ಎಷ್ಟೇ ಇರಲಿ, ಇಲ್ಲದೆಯೂ ಇರಲಿ, ಅಂಶ ಎರಡು ಸಲ ಬಂದಿರುವುದರಿಂದ ಒಟ್ಟು ಸಮಸಂಖ್ಯೆ (ಸೊನ್ನೆಯೂ ಸಮವೇ). ಛೇದದ ಕಡೆಯಿಂದ ಎಣಿಸಿ. ಛೇದ ಎರಡು ಸಲ ಬಂದಿದೆ, ಅಲ್ಲಿಯವರೆಗೆ ಸಮ. ಜೊತೆಗೆ 5200ರ ಆ ಒಂಟಿ 13 ಸೇರಿತು, ಬೆಸವಾಯಿತು. ಒಂದೇ ಸಂಖ್ಯೆಯಲ್ಲಿ 13 ಸಮ ಸಲವೂ ಬೆಸ ಸಲವೂ ಇರಲು ಸಾಧ್ಯವೇ? ಇಲ್ಲ. ಅಂದಮೇಲೆ ಅಂಥ ಭಿನ್ನರಾಶಿಯೇ ಇಲ್ಲ. ನೂರೊಂದನೆಯದೂ ಇಲ್ಲ, ಕೋಟಿಯೊಂದನೆಯದೂ ಇಲ್ಲ. ಟೇಪು ಹಿಡಿಯದೆ, ಕೂತ ಜಾಗದಿಂದ ಏಳದೆ, ಎಲ್ಲ ಭಿನ್ನರಾಶಿಗಳನ್ನೂ ಒಂದೇ ಏಟಿಗೆ ಪರೀಕ್ಷೆ ಮಾಡಿಬಿಟ್ಟೆವು! ಗುಣಾಕಾರ ಮಾಡಿ ಕೈಸೋತ ಮಗುವಿಗೆ ಮಾತ್ರ ಈ ಸಾಧನೆಯ ರುಚಿ ಗೊತ್ತಾಗುತ್ತದೆ ಎಂದು ನನ್ನ ನಂಬಿಕೆ. ನೇರವಾಗಿ ಬೋರ್ಡಿನಿಂದ ಇಳಿಸಿಕೊಂಡವರಿಗೆ ಅದು ಹತ್ತು ಸಾಲು ಅಷ್ಟೇ.

ಇನ್ನೊಂದು ಮಾತು ಹೇಳದೆ ಇರಲಾರೆ. ವೃತ್ತದ ಪರಿಧಿಯ ಲೆಕ್ಕದಲ್ಲಿ ಪೈ ಎಂದರೆ 22/7 ಎಂದು ನಮ್ಮ ಶಾಲೆಗಳಲ್ಲಿ ಹೇಳಿಕೊಡುತ್ತಾರೆ. ಮುಂದೆ ಹೈಸ್ಕೂಲಿನಲ್ಲಿ ಪೈ ಅಭಾಗಲಬ್ಧ ಎನ್ನುತ್ತಾರೆ. ಆದರೆ 22/7 ಭಿನ್ನರಾಶಿ ಅಲ್ಲವೇ? ಯಾವುದು ನಿಜ? ತಪ್ಪು ನಿಮ್ಮದಲ್ಲ. "ಸುಮಾರು" ಎಂಬ ಒಂದು ಪದ ಬಿಟ್ಟುಹೋಗಿದೆ, ಅಷ್ಟೇ. ಆರ್ಯಭಟ ಕ್ರಿ.ಶ. 499ರಲ್ಲೇ, ವ್ಯಾಸ 20,000 ಇದ್ದರೆ ಪರಿಧಿ 62,832 ಎಂದು ಹೇಳಿ, ಜೊತೆಗೆ ಇದು "ಆಸನ್ನ", ಅಂದರೆ ಹತ್ತಿರದ ಬೆಲೆ, ಎಂದು ಸೇರಿಸಿದ. ನಮ್ಮ ನಾಡಿನಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಕ್ಷೇತ್ರಗಳ ಲೆಕ್ಕಕ್ಕೆ ಅವನು ಎರಡೆರಡು ದಾರಿ ಕೊಡುತ್ತಾನೆ. ಒಂದು ವ್ಯಾವಹಾರಿಕ, ಇನ್ನೊಂದು ಸೂಕ್ಷ್ಮ. ವೃತ್ತಕ್ಕೆ ವ್ಯಾವಹಾರಿಕವಾಗಿ 3, ಸೂಕ್ಷ್ಮವಾಗಿ ಹತ್ತರ ವರ್ಗಮೂಲ. ಹತ್ತರ ವರ್ಗಮೂಲ 3.16ರ ಹತ್ತಿರ ಇರುವುದರಿಂದ ಅದೂ ನಿಜವಾದ ಪೈ ಅಲ್ಲ, 3.1416 ಅದಕ್ಕಿಂತ ಚೆನ್ನ. ಆದರೆ ನನಗೆ ಇಷ್ಟವಾಗುವುದು ಆ ಎರಡು ಹೆಸರುಗಳು. ಮೇಸ್ತ್ರಿಯ "ಎಪ್ಪತ್ತೆರಡು ಅಡಿ, ಒಂದು ಚೂರು" ವ್ಯಾವಹಾರಿಕ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಯಾವುದು ವ್ಯಾವಹಾರಿಕ, ಯಾವುದು ಸೂಕ್ಷ್ಮ ಎಂದು ಹೇಳಿ ಕಲಿಸಬೇಕು, ಅಷ್ಟೇ. ಸಮ ಚಿಹ್ನೆ ಹಾಕಿದ ಮೇಲೆ ಎರಡೂ ಕಡೆ ನಿಜವಾಗಿಯೂ ಸಮ ಇರಬೇಕು.

ಇಷ್ಟೆಲ್ಲ ಓದಿಯೂ ನಿಮಗೆ ಗೊಂದಲ ಉಳಿದಿದ್ದರೆ ಹೆದರಬೇಡಿ, ನಿಮಗೆ ದೊಡ್ಡವರ ಜೊತೆಯಿದೆ. 1858ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ರಿಚರ್ಡ್ ಡೆಡೆಕಿಂಡ್ ಎಂಬ ತರುಣ ಅಧ್ಯಾಪಕ ಪಾಠ ಮಾಡುತ್ತಿದ್ದರು. ಗೆರೆಯಲ್ಲಿ ಎಲ್ಲೂ ಸಂದಿಲ್ಲ ಎಂದು ಚಿತ್ರ ತೋರಿಸಿ ಹೇಳಿಬಿಡುವುದು ಅವರಿಗೆ ಸರಿಬರಲಿಲ್ಲ. ಸಂಖ್ಯೆಗಳಿಂದಲೇ ಅದನ್ನು ಹೇಳಬೇಕು, ಹೇಗೆ? ಅವರು ಕಂಡುಕೊಂಡದ್ದು ನೀವು ಈಗತಾನೇ ಪೆನ್ಸಿಲಿನಲ್ಲಿ ಮಾಡಿದ್ದಕ್ಕೆ ಬಹಳ ಹತ್ತಿರದ್ದು. 72.1, 72.11, 72.111 ಹೀಗೆ ಕಡಿಮೆಯಾಗುವ ಭಿನ್ನರಾಶಿಗಳೆಲ್ಲ ಒಂದು ಕಡೆ. 72.2, 72.12, 72.112 ಹೀಗೆ ಹೆಚ್ಚಾಗುವವೆಲ್ಲ ಇನ್ನೊಂದು ಕಡೆ. ನಡುವೆ ಬೀಳುವ ಆ ಸೀಳೇ ನಮ್ಮ ಸಂಖ್ಯೆ! ಇದನ್ನು ಅವರು ಅಚ್ಚು ಹಾಕಿಸಿದ್ದು 1872ರಲ್ಲಿ, ಹದಿನಾಲ್ಕು ವರ್ಷ ಬಿಟ್ಟು. ಪಾಠ ಮಾಡುವ ಮೇಷ್ಟ್ರಿಗೇ ಬಂದ ಸಂಶಯ ಅದು. ಅಂದಮೇಲೆ ಅದೇ ಸಂಶಯ ಕೇಳಿದ ಹುಡುಗನನ್ನೋ ಹುಡುಗಿಯನ್ನೋ "ಕೂತ್ಕೊ" ಎನ್ನುವ ಹಕ್ಕು ಯಾರಿಗಿದೆ?

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಐವತ್ತು ಎಂಬತ್ತರ ಸೈಟುಗಳೂ ಇವೆ. 2500 ಮತ್ತು 6400 ಕೂಡಿದರೆ 8900. ಅದನ್ನು ಒಡೆದರೆ ಎರಡು 2, ಎರಡು 5, ಒಂದು 89. ಆ ಸೈಟಿನ ಕರ್ಣ ಟೇಪಿನ ಗೀಟಿನ ಮೇಲೆ ಕೂರುತ್ತದೆಯೋ ಇಲ್ಲವೋ ನೀವೇ ಹೇಳಿ. ಆಮೇಲೆ ಅರವತ್ತು ಎಂಬತ್ತರದ್ದನ್ನೂ ನೋಡಿ. ಅಲ್ಲಿ ಬೇರೆಯೇ ಉತ್ತರ ಬರುತ್ತದೆ.